ತಾತನ ತಟ್ಟೆಯೋ, ಅಜ್ಜಿಯ ತಟ್ಟೆಯೋ

ಚಾಮರಾಜನಗರದ ಡಾಕ್ಟರು "ಇನ್ನು ಇನ್ಸುಲಿನ್ ಶುರು ಮಾಡೋಣ" ಅಂದಾಗ ನಾನು ಮಾಡಿದ್ದು ನನಗೆ ಚೆನ್ನಾಗಿ ಬರುವ ಕೆಲಸ, ಚೌಕಾಸಿ. ತೆರಕಣಾಂಬಿ ಮಾರುಕಟ್ಟೆಯಲ್ಲಿ ಸಣ್ಣ ಈರುಳ್ಳಿ ಕೊಂಡು ಕೇರಳದ ಲಾರಿಗಳಿಗೆ ತುಂಬಿಸುವವನು ನಾನು. ಉಣ್ಣುವುದಕ್ಕೆ ಹೊತ್ತು ಗೊತ್ತು ಇಲ್ಲ. ಸೂಜಿ ಚುಚ್ಚಿಕೊಂಡರೆ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು, ಲಾರಿ ಕಾಯುತ್ತದೆಯೇ?

"ಮೂರು ತಿಂಗ್ಳು ಟೈಮ್ ಕೊಡಿ ಡಾಕ್ಟ್ರೇ."

"ಇದು ಈರುಳ್ಳಿ ವ್ಯಾಪಾರ ಅಲ್ಲ ಯಜಮಾನ್ರೇ."

"ಈರುಳ್ಳಿ ಆಗಿದ್ರೆ ಒಂದ್ ವಾರನೂ ಕೇಳ್ತಿರ್ಲಿಲ್ಲ, ಕೊಳ್ತೋಯ್ತದೆ. ನಾನು ತಡೀತೀನಿ."

ಅವರು ನಕ್ಕರು. ಮಾತ್ರೆ ಬಿಡಕೂಡದು, ಮೂರು ತಿಂಗಳಿಗೆ ಮತ್ತೆ ರಕ್ತಪರೀಕ್ಷೆ, ಇಳಿಯದಿದ್ದರೆ ತಕರಾರಿಲ್ಲದೆ ಸೂಜಿ. ಆ ಷರತ್ತಿಗೆ ಒಪ್ಪಿಕೊಂಡು ಬಂದೆ.

ಫೋನಿನಲ್ಲಿ ಬರುವ ವಿಡಿಯೋಗಳಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ಹಿರಿಯರಂತೆ ಉಣ್ಣಿ. ನನ್ನ ತಾತ ಮೂರು ಹೊತ್ತೂ ರಾಗಿಮುದ್ದೆ ಉಣ್ಣುತ್ತಿದ್ದುದನ್ನು ಪಕ್ಕದಲ್ಲಿ ಕೂತು ನೋಡಿದವನು ನಾನು. ಬಿಸಿಬಿಸಿ ದೊಡ್ಡ ಮುದ್ದೆ ಮುರಿದು ಉಪ್ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತಿದ್ದರು. ಅನ್ನ, ಇಡ್ಲಿ, ಪರೋಟ ಎಲ್ಲ ಬಿಟ್ಟು ನಾನೂ ಹಾಗೇ ನುಂಗತೊಡಗಿದೆ. ಶುಗರ್ ನೋಡುವ ಮಿಷನ್ ಒಂದನ್ನು ಕೊಂಡೆ. ಬೆರಳು ಚುಚ್ಚಿ ನೋಡಿದರೆ ಅಂಕಿ ಇಳಿಯುವುದಿರಲಿ, ಊಟವಾದ ಮೇಲೆ ಮೊದಲಿಗಿಂತ ಮೇಲಕ್ಕೇರುತ್ತಿತ್ತು.

ಭಯಕ್ಕಿಂತ ಹೆಚ್ಚಾಗಿ ನನಗೆ ಕುತೂಹಲ ಹತ್ತಿತು. ತೂಕ ಹೊಂದದಿದ್ದರೆ ತಕ್ಕಡಿಯನ್ನು ಬೈಯುವುದಿಲ್ಲ ನಾನು, ಮೂಟೆ ಬಿಚ್ಚಿ ನೋಡುತ್ತೇನೆ. ತಾತನ ಊಟವನ್ನು ಬಿಚ್ಚಿ ನೋಡಲು ಕುದೇರಿನಲ್ಲಿರುವ ಸೋದರತ್ತೆಯ ಮನೆಗೆ ಹೋದೆ.

"ಅತ್ತೆ, ತಾತ ಮೂರೊತ್ತೂ ಮುದ್ದೆ ತಾನೇ ಉಣ್ತಿದ್ದುದು?"

"ಊಂ ಕಣ್ಲಾ. ಉಂಡ್ಬುಟ್ಟು ಎತ್ತಿನ್ ಹಿಂದೆ ನಡೀತಿದ್ದ ನಮ್ಮಪ್ಪ. ನೀನು ಉಂಡ್ಬುಟ್ಟು ಸ್ಕೂಟ್ರು ಹತ್ತೀಯೆ. ಮುದ್ದೆಗೇನ್ ಗೊತ್ತು ನೀನು ಯಾರ ಮೊಮ್ಮಗ ಅಂತ?"

ಆಮೇಲೆ ಆಕೆಯೇ ಕೇಳಿದಳು. "ಅಲ್ಲ ಕಣ್ಲಾ, ನಮ್ಮಪ್ಪ ಕೊನೆಗೆ ಕಾಲ್ ಹುಣ್ಣು ಮಾಗ್ದೇನೇ ಓಗಿದ್ದು. ನಮ್ಮವ್ವ ಆಮ್ಯಾಕೆ ಎಷ್ಟ್ ವರ್ಸ ಗಟ್ಟಿಯಾಗಿದ್ಲು! ನೀನ್ಯಾಕೆ ಅವಳ ತಟ್ಟೆ ನೋಡ್ನಿಲ್ಲ?"

ಅಜ್ಜಿಯ ತಟ್ಟೆಯನ್ನು ನಾನು ನೋಡಿಯೇ ಇರಲಿಲ್ಲ. ಗಂಡಸರು ಎದ್ದ ಮೇಲೆ ಹೆಂಗಸರು ಉಣ್ಣುತ್ತಿದ್ದರು. ಉಪ್ಸಾರಿಗೆ ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ನೀರು ಬಸಿಯುತ್ತಾರೆ. ಆ ನೀರಿಗೆ ಖಾರ ಬಿದ್ದರೆ ಸಾರು. ಗಂಡಸರು ಮುದ್ದೆಯ ಜೊತೆ ಸಾರನ್ನೇ ಬೇಡುತ್ತಿದ್ದರು, ಬೆಂದ ಸೊಪ್ಪು ಕಾಳು ತಟ್ಟೆಯ ಮೂಲೆಯಲ್ಲಿ ಒಂದು ಹಿಡಿ. ಹೆಂಗಸರ ಪಾಲಿಗೆ ಉಳಿಯುತ್ತಿದ್ದುದು ಆ ಸೊಪ್ಪು ಕಾಳೇ, ಜೊತೆಗೆ ಚೂರು ಮುದ್ದೆ. ರಾತ್ರಿ ಮಿಕ್ಕ ತಂಗಳು ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಗೆ ಹಿಸುಕಿಕೊಂಡು ಕುಡಿಯುತ್ತಿದ್ದರಂತೆ.

ಒಂದು ಮೂಟೆ ನೋಡಿ ಇಡೀ ಲೋಡಿಗೆ ಬೆಲೆ ಕಟ್ಟುವವನಲ್ಲ ನಾನು. ಅಜ್ಜಿಯ ಆಯುಸ್ಸಿಗೆ ಸೊಪ್ಪೇ ಕಾರಣ ಎನ್ನಲು ನನ್ನ ಬಳಿ ಆಧಾರವಿಲ್ಲ. ಆದರೆ ಫೋನ್ ಮಾಡಿ ಕೇಳಿದರೆ ಡಾಕ್ಟರು ಆಸಕ್ತಿಯಿಂದಲೇ ಹೇಳಿದರು: ಸೊಪ್ಪು ಕಾಳು ಮೊದಲು ತಿಂದು ಮುದ್ದೆ ಆಮೇಲೆ ಉಂಡರೆ ಸಕ್ಕರೆ ನಿಧಾನವಾಗಿ ಏರುತ್ತದೆ ಎಂದು ಈಚಿನ ಅಧ್ಯಯನಗಳು ಹೇಳುತ್ತವೆ. ಬೇಯಿಸಿ ಆರಿಸಿದ ಹಿಟ್ಟಿನ ಒಂದಿಷ್ಟು ಭಾಗ ಬೇಗ ಕರಗುವುದಿಲ್ಲ. ಊಟವಾದ ಮೇಲೆ ನಡೆದರೆ ಒಳ್ಳೆಯದು. ಮೈ ಒಬ್ಬರದಿದ್ದಂತೆ ಒಬ್ಬರದಿರದು, ನೋಡಿಕೊಂಡು ಮಾಡಿ.

ನೋಡಿಕೊಂಡೇ ಮಾಡಿದೆ. ಅದೇ ಮುದ್ದೆ ಬಿಸಿಯಾಗಿ ಒಂದು ದಿನ, ತಂಗಳಾಗಿ ಒಂದು ದಿನ; ಹುರುಳಿ ಮೊದಲು, ಹುರುಳಿ ಆಮೇಲೆ. ಮಿಷನ್ ಮುಂದೆ ಕೂರುವುದು ರೇಟು ಕೂಗುವ ಹೊತ್ತಿನಷ್ಟೇ ಮಜವಾಗಿತ್ತು. ನೀವೂ ಪುರಾತನರ ಊಟಕ್ಕೆ ಇಳಿಯುವುದಾದರೆ ಮೊದಲು ಕೇಳಿ: ಯಾವ ಹಿರಿಯರದು, ಎಷ್ಟು ದುಡಿಯುತ್ತಿದ್ದವರದು? ಅಂಕಿ ಅಷ್ಟಾಗಿ ಏರದೆ ನನಗೆ ಒಗ್ಗಿದ್ದು ಅಜ್ಜಿಯ ತಟ್ಟೆ. ಬಟ್ಟಲು ತುಂಬ ಸೊಪ್ಪು ಕಾಳು ಮೊದಲು, ನಿಂಬೆ ಗಾತ್ರದ ಮುದ್ದೆ ಕೊನೆಗೆ, ಆಮೇಲೆ ಮಾರುಕಟ್ಟೆಗೆ ನಡಿಗೆ.

ಮೂರು ತಿಂಗಳಾದ ಮೇಲೆ ಡಾಕ್ಟರು ರಿಪೋರ್ಟು ನೋಡಿ, "ಪೂರಾ ಗೆದ್ದಿಲ್ಲ. ಆದ್ರೆ ಸೂಜಿ ಸದ್ಯಕ್ಕೆ ಬೇಡ. ಮಾತ್ರೆ ಬಿಡಬೇಡಿ" ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಒಳ್ಳೇದಾಯ್ತು. ಇನ್ನಾದ್ರೂ ಪಾತ್ರೇಲಿ ನಂಗೂ ನಾಕು ಕಾಳು ಬುಡಿ" ಎಂದಳು.

"ಅಂದ್ರೆ?"

"ಮೊದ್ಲು ನೀವು ಮುದ್ದೆ ಸಾರು ಉಂಡು ಏಳ್ತಿದ್ರಿ, ಸೊಪ್ಪು ಕಾಳು ನಂಗುಳೀತಿತ್ತು. ಈಗ ಅದ್ನೆಲ್ಲ ನೀವೇ ಬಾಚ್ಕತೀರಿ. ನಾನು ಬರೀ ಮುದ್ದೆ ಸಾರು ನುಂಗ್ತಾ ಇವ್ನಿ. ನಿಮ್ ತಾತ ಈಗ ನಾನೇಯ!"

ನಾನು ಮಿಷನ್ ತೆಗೆದೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಒಂದೇ ತೊಟ್ಟು ಕಣೇ."

"ಚುಚ್ಚಿಸ್ಕತೀನಿ. ಆದ್ರೆ ಇವತ್ತಿಂದ ಇಬ್ರೂ ಒಟ್ಗೆ ಉಣ್ಣದು. ಮೊದ್ಲು ಬಡಿಸ್ಕಳದು ನಾನು."

"ರಾತ್ರಿ ಊಟಕ್ಕೆ ಮಾತ್ರ ಮಾಡನ."

"ಎಲ್ಡೊತ್ತೂ. ಇಲ್ದಿದ್ರೆ ಬೆರಳು ಇಲ್ಲ."

ಅವಳು ಒಂದು ಪೈಸೆ ಇಳಿಯಲಿಲ್ಲ. ಒಪ್ಪಿದೆ. ಬೆರಳು ಚುಚ್ಚಿ ನೋಡಿದರೆ ಅವಳ ಅಂಕಿ ತುಸು ಮೇಲಿತ್ತು, ಹೆದರುವಷ್ಟೇನಲ್ಲ. ಆದರೂ ಡಾಕ್ಟರಿಗೆ ತೋರಿಸುವುದೆಂದಾಯಿತು. ಆ ರಾತ್ರಿ ಒಲೆಯ ಮೇಲೆ ಎರಡರಷ್ಟು ಹುರುಳಿ ಬೆಂದಿತು. ಅವಳು ತನ್ನ ತಟ್ಟೆಗೆ ಸೊಪ್ಪನ್ನು ಅವಸರವಿಲ್ಲದೆ ಬಡಿಸಿಕೊಳ್ಳುತ್ತಿದ್ದಳು. ನಾನು ತಟ್ಟೆ ಹಿಡಿದು ಕಾದೆ.