ಕಾಲು ಚಾಚಲು ಒಂದು ದಿಕ್ಕು

ನನ್ನ ಸೋದರತ್ತೆ ಪುಟ್ಟಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಗದ್ದೆಗಿಳಿಯುವಾಗ, ಮೀನಖಂಡದ ಮೇಲೆ ನೀಲಿ ನರಗಳು ಹಾಗಲಬಳ್ಳಿಯಂತೆ ಸುತ್ತಿಕೊಂಡಿರುವುದು ಕಾಣುತ್ತಿತ್ತು. ಇನ್ನೊಬ್ಬರ ಕಾಲನ್ನು ದಿಟ್ಟಿಸುವುದು ಸಭ್ಯತೆಯಲ್ಲ, ಬಲ್ಲೆ. ಆದರೆ ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ಬೆಸಗರಹಳ್ಳಿಯ ಅವರ ಮನೆಯಲ್ಲಿದ್ದು, ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಮದ್ದೂರಿನ ಶಾಲೆಗೆ ಪಾಠ ಹೇಳಲು ಹೋಗಿಬರುತ್ತಿದ್ದ ನನಗೆ ಆ ಕಾಲುಗಳು ದಿನವೂ ಕಣ್ಣಿಗೆ ಬೀಳುತ್ತಿದ್ದವು.

ಒಂದು ಮಳೆಗಾಲ ಪಾದದ ಗಂಟಿನ ಒಳಮಗ್ಗುಲಲ್ಲಿ ಚರ್ಮ ಕಪ್ಪಿಟ್ಟು ಹುಣ್ಣಾಯಿತು. ಕೆಟ್ಟ ರಕ್ತ ಮೇಲಿನಿಂದ ಇಳಿಯುತ್ತಿದೆಯೆಂದು ಬಗೆದ ಅತ್ತೆ, ಹಾವು ಕಡಿದವರಿಗೆ ಕಟ್ಟುವಂತೆ, ಮೊಣಕಾಲ ಕೆಳಗೆ ಸೀರೆಯ ಅಂಚನ್ನು ಬಿಗಿದುಕೊಂಡರು. ಕಾಲು ಇನ್ನಷ್ಟು ಊದಿತು. ಮಂಡ್ಯದ ಡಾಕ್ಟರು ಮೊದಲು ಆ ಕಟ್ಟನ್ನು ಕತ್ತರಿಸಿ ಹಾಕಿದರು. ಆಮೇಲೆ ನನ್ನನ್ನು ಹೊರಗೆ ಕರೆದು, ಹುಣ್ಣು ಹೀಗೇ ಹರಡಿದರೆ ಹೆಜ್ಜೆಯಿಡುವುದೇ ಕಷ್ಟವಾದೀತು ಎಂದರು.

ಕಾಲಿಗಿಳಿದ ರಕ್ತ ಮರಳಿ ಎದೆಗೆ ಏರಬೇಕಲ್ಲ, ಗೆಳೆಯರೇ, ಕಷ್ಟವೆಲ್ಲ ಆ ಏರಿನಲ್ಲಿದೆ. ಏರಿದ್ದು ಜಾರದಂತೆ ನಾಳದೊಳಗೆ ಪುಟ್ಟ ಕದಗಳಿವೆ. ಅವು ಸಡಿಲವಾದರೆ ರಕ್ತ ಕೆಳಗೇ ತಂಗಿ ನರ ಉಬ್ಬುತ್ತದೆ. ನಡೆಯುವಾಗ ಮೀನಖಂಡ ಅದನ್ನು ಹಿಂಡಿ ಮೇಲಕ್ಕೆ ತಳ್ಳುತ್ತದೆ, ಏತದ ಮರದ ಮೇಲೆ ಆಳು ನಡೆದಂತೆಲ್ಲ ನೀರು ಮೇಲೆ ಬರುವ ಹಾಗೆ. ಇದನ್ನು ಹೇಳಿದಾಗ ಅತ್ತೆ ನಕ್ಕರು: “ನಿಮ್ ಮೈಸೂರು ಓದ್ನಲ್ಲಿ ಏತಾನೂ ಬತ್ತದಾ?”

ಡಾಕ್ಟರು ಹೇಳಿದ್ದು ಇಷ್ಟು: ಬೆಳಿಗ್ಗೆ ಏಳುವ ಮುಂಚೆಯೇ ಬೆರಳ ಬುಡದಿಂದ ಮೊಣಕಾಲ ಕೆಳಗಿನವರೆಗೆ ಬಟ್ಟೆ ಸುತ್ತಬೇಕು, ಪಾದದ ಬಳಿ ಬಿಗಿ, ಮೇಲೇರಿದಂತೆ ಸಡಿಲ, ನಿಂತಲ್ಲೇ ನಿಲ್ಲದೆ ಓಡಾಡಬೇಕು, ನಡುನಡುವೆ ಕಾಲನ್ನು ಎದೆಗಿಂತ ಎತ್ತರಕ್ಕಿಟ್ಟು ಮಲಗಬೇಕು. ಬಟ್ಟೆ ಸಿಗದ ಕಾಲ. ಹಳೆಯ ಪಂಚೆ ಹರಿದು ಸುತ್ತಿದೆವು. ಓಡಾಟಕ್ಕೂ ಅತ್ತೆ ಒಪ್ಪಿದರು. ತೊಡಕೆಲ್ಲ ಬಂದದ್ದು ಮಲಗುವುದರಲ್ಲಿ.

ನಡುಮನೆಯ ಪೂರ್ವಕ್ಕೆ ದೇವರ ದೀಪ. ಪಶ್ಚಿಮದ ಗೋಡೆಗೊರಗಿ ಎಲೆಯಡಿಕೆ ಮೆಲ್ಲುವ ಅತ್ತೆಯ ಅತ್ತೆ, ತಿಮ್ಮಮ್ಮಜ್ಜಿ. ಉತ್ತರಕ್ಕೆ ಬೀದಿಬಾಗಿಲು. ದಕ್ಷಿಣಕ್ಕೆ ಕಾಲು ಮಾಡಿದರೆ ತಲೆ ಉತ್ತರಕ್ಕಾಗುತ್ತದೆ. ಒಳಮನೆಯಲ್ಲೋ ರಾಗಿ ಮೂಟೆಗಳು, ಅವೂ ಲಕ್ಷ್ಮಿಯೇ. ಗಂಡಸರು ಉಣ್ಣುವ ತನಕ ಬಾಗಿಲ ಮರೆಯಲ್ಲಿ ನಿಂತೇ ಆಯುಷ್ಯ ಕಳೆದ ಹೆಂಗಸಿಗೆ ಇಡೀ ಮನೆಯಲ್ಲಿ ಕಾಲು ಚಾಚಲು ಒಂದು ದಿಕ್ಕಿರಲಿಲ್ಲ. ನಮ್ಮಲ್ಲಿ ಗೌರವವನ್ನು ನಿಂತು ತೋರಿಸುತ್ತೇವೆ. ಆ ಲೆಕ್ಕ ನರಕ್ಕೆ ತಿಳಿಯುವುದಿಲ್ಲ. ಹುಣ್ಣು ದೊಡ್ಡದಾಗುತ್ತಲೇ ಇತ್ತು.

ಒಂದು ಮಧ್ಯಾಹ್ನ ಅಜ್ಜಿಯೇ ಬಾಯಿ ತೆರೆದರು.

“ಏನ್ಲೇ ಪುಟ್ಟಿ, ಡಾಕ್ಟ್ರು ಕಾಲೆತ್ತು ಅಂದ್ರೆ ಮುದುರ್ಕೊಂಡು ಕುಂತಿದ್ದೀಯಲ್ಲ?”

“ಎತ್ತಾಗೆ ಚಾಚ್ಲಿ ಅತ್ತೆಮ್ಮ? ಆ ಕಡೆ ದ್ಯಾವ್ರು, ಈ ಕಡೆ ನೀವು.”

“ನನ್ ಕಡೀಕೇ ಚಾಚು. ದ್ಯಾವ್ರು ಮುನುಸ್ಕೊಂಡ್ರೆ ಗೊತ್ತಾಗಾಕಿಲ್ಲ. ನಾನು ಮುನುಸ್ಕೊಂಡ್ರೆ ಬೈತೀನಿ, ಬೈದು ಸುಮ್ಕಾಯ್ತೀನಿ ಕಣಮ್ಮಿ.”

ನಾನು ಹೊಟ್ಟು ತುಂಬಿದ ಚೀಲವೊಂದನ್ನು ತಂದಿಟ್ಟೆ. ಅತ್ತೆ ಅದರ ಮೇಲೆ ಕಾಲೆತ್ತಿಟ್ಟು ಮಲಗಿ, ನಾಚಿಕೆಗೆ ಮುಖದ ತುಂಬ ಸೆರಗು ಮುಚ್ಚಿಕೊಂಡರು. ಅಜ್ಜಿ ಮಾತಿಗೆ ತಪ್ಪದೆ ಬೈದರು, ಒಡೆದ ಹಿಮ್ಮಡಿಗೆ ಎಣ್ಣೆ ಕಾಣಿಸದ ಸೋಮಾರಿ ಎಂದು.

ಕೊಯ್ಲಿನ ಹೊತ್ತಿಗೆ ಹುಣ್ಣು ಮಾಯಿತು. ಅಂದು ಅತ್ತೆ ಮತ್ತೆ ಕಾಲು ಮಡಿಸಿ ಕೂತರು.

“ಯಾಕ್ಲೇ, ಕಾಲು?”

“ಹುಣ್ಣು ಮಾಯ್ತಲ್ಲ ಅತ್ತೆಮ್ಮ.”

“ಹುಣ್ಣು ಮಾಯ್ತು. ನರ ಮಾಯ್ತಾ?”

ಮಾಯುವುದಿಲ್ಲ, ಈ ಆರೈಕೆ ಬದುಕಿರುವ ತನಕ ಎಂದು ಡಾಕ್ಟರು ನನಗೆ ಹೇಳಿದ್ದರು; ಅತ್ತೆ ಎದೆಗುಂದಿಯಾರೆಂದು ನಾನು ತಿಳಿಸಿರಲಿಲ್ಲ. ಈಗ ತಿಳಿಸಿದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತ ಕೊಂಚ ಸರಿದು ಜಾಗ ಬಿಟ್ಟರು. ಅತ್ತೆ, ಈ ಸಲ ಮುಖ ಮುಚ್ಚಿಕೊಳ್ಳದೆ, ಅವರ ಕಡೆಗೇ ಕಾಲು ಚಾಚಿದರು.