ಟೈಮ್‌ಟೇಬಲ್ ದನಿಯಲ್ಲಿ ಓದಿದ ಪ್ರೀತಿ

ಪುಣೆಯ ನಮ್ಮ ಕನ್ನಡ ಹೆಂಗಸರಲ್ಲಿ ಅನೇಕರಿಗೆ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ. ನಾನು ಬೆಳಗಾವಿಯ ಕಾನ್ವೆಂಟಿನವಳು. ಕನ್ನಡ ಓದುತ್ತಿದ್ದೆ, ಎತ್ತಿನ ಗಾಡಿಯ ಸ್ಪೀಡಿನಲ್ಲಿ. ಹೀಗಾಗಿ ತೊಂಬತ್ತರ ದಶಕದ ನಡುವಿನಲ್ಲಿ, ಧಾರವಾಡದಿಂದ ನನ್ನ ತಂಗಿಯ ಮಗಳು ಎಂ.ಎಸ್ಸಿ. ಓದಲು ನಮ್ಮ ಮನೆಗೆ ಬಂದಾಗ ನಮ್ಮ ಬುಧವಾರದ ಮಧ್ಯಾಹ್ನಗಳಿಗೆ ಕಳೆ ಬಂತು. ನಾವು ಮೂವರು ಹೆಂಗಸರು ಹಾಲ್‌ನಲ್ಲಿ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದೆವು, ಅವಳು ನಮಗೆ ಕಾದಂಬರಿ ಓದಿ ಹೇಳುತ್ತಿದ್ದಳು.

ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಬಾರಾಮತಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ನಮ್ಮ ಪೈಕಿಯವನೇ, ಹ್ಯಾಂಡ್‌ಸಮ್. ದಿನಾ ಸಂಜೆ ಫೋನ್ ಮಾಡುತ್ತಿದ್ದ. ಅದು ತಪ್ಪಬಾರದೆಂದು ಇವಳು ಶಿವಾಜಿನಗರದಲ್ಲಿ ಸಿಕ್ಕ ಬಸ್ಸಿಗೆ ಜೋತುಬಿದ್ದು ಬರುತ್ತಿದ್ದಳು. ಗೆಳತಿಯರ ಜೊತೆ ಸಿಂಹಗಡ ಹತ್ತುವುದನ್ನು ಬಿಟ್ಟಳು. ಹಸಿರು ಚೂಡಿದಾರ್ ಪೆಟ್ಟಿಗೆಯ ತಳ ಸೇರಿತು.

"ಅವರಿಗೆ ಸೇರೂದಿಲ್ಲ ಮಾವಶಿ. ನನ್ನ ಮ್ಯಾಲೆ ಭಾಳ ಕಾಳಜಿ ಅದ," ಎನ್ನುವಾಗ ಹೊಸ ಬಳೆ ತೋರಿಸುವ ಸಡಗರ ಅವಳಿಗೆ. ನನಗೆ ಒಳಗೊಳಗೇ ಕಸಿವಿಸಿ. ಆದರೆ ನಾನು ಹರೆಯದಲ್ಲಿ ಓದಿದ ಇಂಗ್ಲಿಷ್ ನಾವೆಲ್‌ಗಳ ಹೀರೋಗಳೆಲ್ಲ ಹುಬ್ಬು ಗಂಟಿಕ್ಕಿದ ಹೊಟ್ಟೆಕಿಚ್ಚಿನವರೇ; ಅವರಿಗಾಗಿ ನಿಟ್ಟುಸಿರು ಬಿಟ್ಟವಳು ಇವಳಿಗೆ ಏನೆಂದು ಹೇಳಲಿ?

ಆಗ ಓದುತ್ತಿದ್ದ ಕಾದಂಬರಿಯಲ್ಲೊಬ್ಬ ವಕೀಲ ಗಂಡ. ಮೊದಲು ಹೆಂಡತಿಯ ಸಂಗೀತದ ಮೇಷ್ಟರನ್ನು ಬಿಡಿಸಿದ, ಆಮೇಲೆ ಗೆಳತಿಯನ್ನು, ಕೊನೆಗೆ ಒಡಹುಟ್ಟಿದ ಅಕ್ಕನನ್ನೂ. ಪ್ರತಿ ಸಲವೂ ಸಂಜೆ ಮಲ್ಲಿಗೆ ದಂಡೆ ತರುತ್ತಿದ್ದ. 'ನಾನಿರುವಾಗ ನಿನಗೆ ಬೇರೆ ಯಾರು ಬೇಕು?' ಎಂಬ ಅವನ ಮಾತನ್ನು ಇವಳು ಜೇನು ಸುರಿದಂತೆ ಓದಿದಾಗ ನಮ್ಮ ಕೈಯಲ್ಲಿನ ಸೊಪ್ಪು ಅಲ್ಲೇ ನಿಂತಿತು.

"ಎಷ್ಟ್ ಪ್ರೀತಿ ನೋಡ್ರಿ," ಎಂದರು ಪಕ್ಕದ ಫ್ಲ್ಯಾಟಿನಾಕೆ.

"ಪ್ರೀತಿ ಏನ್ ಬಂತ್ರಿ," ಎಂದರು ಬಟ್ಟೆ ಅಂಗಡಿಯವರ ಮನೆಯಾಕೆ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. "ನಮ್ಮ ಮನಿಯವರು ಅಂಗಡಿ ಮುಚ್ಚೂಮುಂದ ಬೀಗಾ ಹಿಂಗ ಜಗ್ಗಿ ಜಗ್ಗಿ ನೋಡ್ತಾರ."

"ನಿಮ್ಮನ್ನೂ ಹಂಗ ನೋಡ್ತಾರೇನ್ರಿ?" ಎಂದೆ ನಾನು.

"ನನ್ನ ಯಾರ್ ಕದೀತಾರವಾ."

ನಾವು ನಕ್ಕೆವು. ಹುಡುಗಿ ನಗಲಿಲ್ಲ. "ಅಂವಗ ಆಕಿ ಅಂದ್ರ ಜೀವ. ನಿಮಗದು ತಿಳಿಯೂದಿಲ್ಲ," ಎಂದಳು, ಮುಖ ಕೆಂಪಾಗಿ.

ಕಾನ್ವೆಂಟಿನಲ್ಲಿ ನಮಗೆ ಲಿಟರೇಚರ್ ಕಲಿಸುತ್ತಿದ್ದ ಸಿಸ್ಟರ್ ಆಗ ನೆನಪಾದರು. ನಾವು ಹುಡುಗಿಯರು ಯಾವನಾದರೂ ಹೀರೋಗೆ ಮರುಳಾದರೆ ಅವನ ಮಾತನ್ನು ರೈಲ್ವೆ ಟೈಮ್‌ಟೇಬಲ್ ಓದುವ ದನಿಯಲ್ಲಿ ಓದಿಸುತ್ತಿದ್ದರು. ದನಿ ತೆಗೆದ ಮೇಲೆ ಉಳಿಯುವವನೇ ನಿಜವಾದ ಮನುಷ್ಯ, ಮೈ ಡಿಯರ್, ಎನ್ನುತ್ತಿದ್ದರು.

"ಅವನ ಮಾತು ಒಮ್ಮೆ ರೈಲ್ವೆ ಟೈಮ್‌ಟೇಬಲ್ ಓದಿದಂಗ ಓದು, ನೋಡೋಣು," ಎಂದೆ.

ಮುನಿಸಿನಲ್ಲೇ ಓದಿದಳು. 'ಎಲ್ಲಿಗೆ ಹೋಗಿದ್ದೆ. ಯಾರು ಯಾರು ಇದ್ದರು. ನನ್ನನ್ನು ಏಕೆ ಕೇಳಲಿಲ್ಲ. ನಾನಿರುವಾಗ ನಿನಗೆ ಬೇರೆ ಯಾರು ಬೇಕು.'

"ಫೌಜದಾರ ಬಂದಾನ, ಚಹಾಕ್ಕ ಇಡ್ರಿ," ಎಂದರು ಬಟ್ಟೆ ಅಂಗಡಿಯವರ ಮನೆಯಾಕೆ.

ಈ ಸಲ ಅವಳೂ ನಕ್ಕಳು. ನಗುತ್ತಲೇ ಮುಂದಿನ ಪುಟ ತಿರುವಿದವಳು ಓದು ನಿಲ್ಲಿಸಿದಳು. ನೀರು ಕುಡಿದು ಬರುತ್ತೇನೆಂದು ಎದ್ದುಹೋದಳು.

ಅಂದು ಸಂಜೆಯೂ ಫೋನ್ ಬಂತು. ಅಷ್ಟು ದಿನ ವೈರನ್ನು ಬೆರಳಿಗೆ ಸುತ್ತಿಕೊಂಡು ಹೂಂ, ಹೂಂ ಎನ್ನುತ್ತಿದ್ದವಳು ಅವತ್ತು ಅವನ ಮಾತನ್ನೇ ತಿರುಗಿ ಹೇಳುತ್ತಿದ್ದಳು, ಮೆಲ್ಲಗೆ, ಏರಿಳಿತವಿಲ್ಲದೆ. "ಬಸ್ಸು ಯಾಕ ತಡಾ ಆತು. ಬಾಜೂಕ ಯಾರ್ ಕೂತಿದ್ರು. ಲಗ್ನ ಆದಮ್ಯಾಲೆ ಪರೀಕ್ಷಾ ಯಾಕ ಬೇಕು." ಹಿಟ್ಟು ನಾದುವುದನ್ನು ಬಿಟ್ಟು ನಾನು ಕಿವಿಗೊಟ್ಟೆ.

ಫೋನ್ ಇಟ್ಟು ಅಡುಗೆಮನೆಯ ಬಾಗಿಲಿಗೆ ಬಂದಳು. "ಮಾವಶಿ, ನಂಗ ಈ ಲಗ್ನ ಬ್ಯಾಡ. ಅಪ್ಪಗ ನೀವ ಹೇಳ್ತೀರೇನು?"

"ನೀನ ಹೇಳು. ನಾ ಬಾಜೂಕ ನಿಂತಿರ್ತೀನಿ."

ಹೇಳಿದಳು. ಧಾರವಾಡದಲ್ಲಿ ಅವಳಪ್ಪ ಕೂಗಾಡಿದ, ನನ್ನ ತಂಗಿ ಅತ್ತಳು. ಹದಿನೈದು ದಿನ ಕಳೆದ ಮೇಲೆ ಅವಳಪ್ಪನೇ ಫೋನ್ ಮಾಡಿ, "ನಿಶ್ಚಯದ ಸೀರಿ, ಉಂಗುರ ನೀವ ಕೊಟ್ಟ್ ಬರ್ರಿ. ಆ ಮನಿಗೆ ಹೋಗಲಿಕ್ಕೆ ನನಗ ಮಾರಿ ಇಲ್ಲ," ಎಂದ.

ನಾವಿಬ್ಬರೇ ಹೋಗುವುದೆಂದಿತ್ತು. ಬಟ್ಟೆ ಅಂಗಡಿಯವರ ಮನೆಯಾಕೆ ಚುರಮುರಿಯ ಚೀಲ ಹಿಡಿದು ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ನಮಗಿಂತ ಮೊದಲೇ ನಿಂತಿದ್ದರು, ಜೊತೆಗೆ ಪಕ್ಕದ ಫ್ಲ್ಯಾಟಿನಾಕೆ. "ಬುಧವಾರ ಹೆಂಗೂ ನಾವು ಖಾಲೀನ," ಎಂದರು. ಹೌ ಐ ಲವ್ಡ್ ದೆಮ್.

ಬಾರಾಮತಿಯ ಆ ಮನೆಯಲ್ಲಿ ಹುಡುಗನ ತಾಯಿ ಒಬ್ಬರೇ ಇದ್ದರು. ನಮ್ಮ ಕೈಚೀಲ ನೋಡಿದೊಡನೆ ಅವರಿಗೆ ತಿಳಿಯಿತು. ಜಗಳ ಬರುತ್ತದೆಂದು ನಾನು ಉತ್ತರ ಜೋಡಿಸಿಕೊಂಡು ಹೋಗಿದ್ದೆ. ಅವರು ಅರಿಶಿನ ಕುಂಕುಮ ಕೊಟ್ಟರು, ಅವಲಕ್ಕಿ ಕೊಟ್ಟರು, ಸೀರೆಯ ಗಂಟು ಬಿಚ್ಚದೆ ಒಳಗಿಟ್ಟು ಬಂದರು. ಗಡಿಯಾರ ನೋಡಿದರು, ಬಾಗಿಲು ನೋಡಿದರು.

"ಮೂರು ಗಂಟೆ ಬಸ್ಸಿಗೆ ಹೊಂಟಬಿಡ್ರಿ," ಎಂದರು. "ಅಂವಾ ನಾಕಕ್ಕ ಬರ್ತಾನ. ಹುಡುಗಿ ಇಲ್ಲಿರೂದು ಬ್ಯಾಡ."

ಹುಡುಗಿ ಅವರ ಕಾಲು ಮುಟ್ಟಿದಳು. ಎದ್ದವಳು, "ನೀವು?" ಎಂದಳು.

"ನಂಗ ರೂಢಿ ಅದವಾ. ಮೊದಲ ಅವರಪ್ಪ, ಈಗ ಇಂವಾ."

ಹುಡುಗಿ, "ನಮ್ಮ ಮಾವಶಿ ಮನಿಗೆ ಬರ್ರಿ. ಬುಧವಾರ ನಾ ಕಾದಂಬರಿ ಓದ್ತೀನಿ, ಎಲ್ಲಾರೂ ಕೇಳ್ತಾರ," ಎಂದಳು.

ಬರುತ್ತೇನೆ ಎನ್ನಲಿಲ್ಲ ಆಕೆ. ಗೇಟಿನವರೆಗೆ ನಡೆದು ಬಂದು, ಸ್ವಾರಗೇಟಿನಲ್ಲಿ ಇಳಿದ ಮೇಲೆ ನಮ್ಮ ಮನೆಗೆ ಯಾವ ಬಸ್ಸು ಹಿಡಿಯಬೇಕು ಎಂದು ಕೇಳಿದರು.