ನಿಂತ ಗಾಡಿಯ ಹೊಗೆ

ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ಬಿಚ್ಚಿ ಸರಿಮಾಡಿಸಿ ತಂದ ಮೇಲೂ ಅಣ್ಣನ ಕಾರು ನೀಲಿ ಹೊಗೆ ಉಗುಳುವುದನ್ನು ಬಿಡಲಿಲ್ಲ. ಹಳೆಯ ಡೀಸೆಲ್ ಗಾಡಿ. ಶಹಾಪುರದ ನಮ್ಮ ಓಣಿಯಿಂದ ಸೀರೆಯ ಗಂಟುಗಳನ್ನು ಹಿಂದಿನ ಸೀಟಿಗೆ ತುಂಬಿಕೊಂಡು ಅಣ್ಣ ದಿನಾ ಖಾನಾಪುರಕ್ಕೆ ಹೋಗಿ, ಅಲ್ಲಿನ ಅಂಗಡಿಗಳಿಗೆ ಹಾಕಿ, ಸಂಜೆ ವಾಪಸು ಬರುತ್ತಿದ್ದ. ಮಳೆಗಾಲ ಹಿಡಿಯುವ ಮುಂಚೆ ಎದೆ ನೋಯುತ್ತದೆಂದು ಮಲಗಿದವನು ಮತ್ತೆ ಏಳಲಿಲ್ಲ. ಮನೆಯಲ್ಲಿ ಉಳಿದವರು ಇಬ್ಬರು, ಅಣ್ಣನ ಹೆಂಡತಿ ಮತ್ತು ನಾನು. ಅವಳನ್ನು ನಾನು ವೈನಿ ಎನ್ನುತ್ತೇನೆ. ನನ್ನದು ಪವರ್‌ಲೂಮ್ ಶೆಡ್ಡಿನ ಕೆಲಸ. ಗಾಡಿ ಓಡಿಸಲು ನನಗೆ ಬರುತ್ತದೆ. ಆದರೆ ಗ್ಯಾರೇಜಿಗೆ ಒಯ್ಯುವುದೊಂದು ಬಿಟ್ಟರೆ ಅವನ ಸೀಟಿನಲ್ಲಿ ಕೂರಲು ಮನಸ್ಸಾಗುತ್ತಿರಲಿಲ್ಲ.

ಹೊಗೆಯ ಸುದ್ದಿ ನನಗೆ ಮೊದಲು ಹೇಳಿದ್ದು ಎದುರು ಮನೆಯ ಮುದುಕಿ. “ಸೊಳ್ಳಿ-ಗುಂಗಾಡ ಓಡಿಸಾಕ ಹೊಗಿ ಬಿಡೂ ಮುನ್ಸಿಪಾಲ್ಟಿ ಗಾಡಿ ಬಂತಂತ ಮಾಡಿ ಬಾಗಲಾ ಹಾಕ್ಕೊಂಡ್ನಿ,” ಎಂದಳು. “ನೋಡಿದ್ರ ನಿಮ್ದ. ಗುಂಗಾಡೂ ಸಾಯಲಿಲ್ಲ, ನಾನೂ ಸಾಯಲಿಲ್ಲ.”

ಕೋಟೆಯ ಹತ್ತಿರ ಒಂದು ಗ್ಯಾರೇಜು ಇದೆ. ಅದರ ಮಿಸ್ತ್ರಿ ಅಣ್ಣನಿಗೆ ಹಳೆಯ ಸ್ನೇಹಿತ. ಟರ್ಬೊ ಸರಿಮಾಡಿದವನೂ ಅವನೇ. ಎರಡನೆಯ ಸಲ ಒಯ್ದಾಗ ಅವನು ಇಂಜಿನ್ನಿಗೆ ಗಾಳಿ ಹೋಗುವ ದಪ್ಪ ಪೈಪನ್ನು ಕಳಚಿ ನನ್ನ ಮುಂದೆ ಬಗ್ಗಿಸಿದ. ಎಣ್ಣೆ ತೊಟ್ಟಿಕ್ಕಿತು.

“ಕರಿ ಹೊಗಿ ಆದ್ರ ಡೀಸೆಲ್ ಹೆಚ್ಚು ತಿಂದದ ಅಂತ. ಬಿಳಿ ಆದ್ರ ನೀರು ಕುಡದಿರಬೇಕು. ನೀಲಿ ಅಂದ್ರ ಎಣ್ಣಿ ಸುಡ್ತದ. ಇದು ರಿಪೇರಿಗಿಂತ ಮೊದಲ ಟರ್ಬೊದಾಗಿಂದ ಸೋರಿ ಉಳದದ್ದು ಇರಬೇಕು. ತೊಳದು ಕೊಡ್ತೀನಿ.”

ಪೈಪುಗಳನ್ನು ತೊಳೆದ. ಟರ್ಬೊದಿಂದ ಎಣ್ಣೆ ಕೆಳಗೆ ಇಳಿಯುವ ಸಣ್ಣ ನಳಿಗೆಯಲ್ಲಿ ಏನೂ ಕಟ್ಟಿಕೊಂಡಿಲ್ಲವೆಂದು ಊದಿ ನೋಡಿದ. ಪಿರನವಾಡಿಯ ತನಕ ಓಡಿಸಿದೆವು. ಹೊಗೆ ಇರಲಿಲ್ಲ. ಇಳಿಯುವಾಗ ಮಾತ್ರ ಅವನು, “ಮತ್ತ ಬಂತಂದ್ರ ಇಂಜಿನ್ ರಿಂಗ್ ಹೋಗ್ಯಾವ ಅಂತ ತಿಳೀರಿ. ಈ ವಯಸ್ಸಿನ ಗಾಡಿಗಿ ಇಂಜಿನ್ ಬಿಚ್ಚೂದ್ರಾಗ ಅರ್ಥ ಇಲ್ಲ. ಗುಜರಿಗೆ ಹಾಕೂಣು,” ಎಂದ.

ಅದನ್ನು ವೈನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಅವರ ಅರಿವಿ ಕೊಟ್ಟೆ. ಚಪ್ಪಲಿ ಕೊಟ್ಟೆ. ಗಾಡಿ ಇರಲಿ.”

ವಾರ ಕಳೆಯುವುದರೊಳಗೆ ಹೊಗೆ ಬಂತು. ಈ ಸಲ ನಾನೇ ನೋಡಿದೆ. ಹೊಗೆ ಹೋಯಿತೇ ಎಂದು ನೋಡಲು ನಿಂತಲ್ಲೇ ಆಕ್ಸಲರೇಟರ್ ಒತ್ತಿದ ಕೂಡಲೇ ಹಿಂದಿನ ಗೋಡೆ ಕಾಣದಷ್ಟು ನೀಲಿ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ತ್ರಾಣವಿರಲಿಲ್ಲ. ಸತ್ತವನ ಹಿಂದೆ ಇಷ್ಟು ಓಡಾಟ ಇರುತ್ತದೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದಕ್ಕೇ ಎಷ್ಟೋ ಸಲ ಅಲೆದಿದ್ದೆ. ಈ ಗಾಡಿಯೂ ಹೋಗಿಬಿಟ್ಟರೆ ಒಂದು ಕೆಲಸ ಮುಗಿದಂತೆ ಎಂದು ಕೂಡ ಅನ್ನಿಸಿತು. ಆದರೆ ವೈನಿಯ ಮಾತು ಮೀರುವಂತಿರಲಿಲ್ಲ.

ಮತ್ತೆ ಗ್ಯಾರೇಜಿಗೆ ಒಯ್ದೆ. ಈ ಸಲ ಮಿಸ್ತ್ರಿ ಬಾನೆಟ್ ಎತ್ತಲಿಲ್ಲ. ಬಾಗಿಲು ತೆಗೆದು ಒಳಗೆ ಕೂತು ಕೀಲಿ ತಿರುವಿದ. ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಮುಂದಿನ ಮೀಟರುಗಳನ್ನು ಒಂದೊಂದಾಗಿ ನೋಡಿದ.

“ಬ್ಯಾಟರಿ ಗಟ್ಟಿ ಐತಲ್ರಿ. ಯಾರು ಓಡಸ್ತಾರ?”

“ಯಾರೂ ಇಲ್ರಿ.”

“ಖರೇ. ಕಿಲೋಮೀಟರ್ ನಾ ಬಿಟ್ಟಲ್ಲೇ ನಿಂತದ. ನಿಮ್ಮ ಮನೀಗಿ ಹೋಗಿ ಬಂದದ್ದಷ್ಟ ಕೂಡ್ಯದ. ಮತ್ತ ನಾ ಕೊಡೂವಾಗ ಅರ್ಧ ಟಾಂಕಿ ಡೀಸೆಲ್ ಇತ್ತು. ಎಲ್ಲೂ ಹೋಗಿಲ್ಲ, ಊಟ ಅಷ್ಟ ಮಾಡೇದ. ನಿಮ್ಮ ಮನ್ಯಾಗ ಡೀಸೆಲ್ ಕುಡಿಯಾವರು ಯಾರದಾರ?”

ಬ್ಯಾಟರಿ ಇಳಿಯಬಾರದೆಂದು ವೈನಿ ಬೆಳಿಗ್ಗೆ ಸ್ವಲ್ಪ ಚಾಲೂ ಮಾಡುತ್ತಾಳೆ ಎಂದೆ. ಕೀಲಿ ತಿರುವುವುದನ್ನು ಅಣ್ಣನೇ ಅವಳಿಗೆ ಕಲಿಸಿದ್ದ.

“ಸ್ವಲ್ಪ ಅಂದ್ರ ಎಷ್ಟು?”

ನನಗೆ ಗೊತ್ತಿರಲಿಲ್ಲ. ಅವಳು ಚಾಲೂ ಮಾಡುವ ಹೊತ್ತಿಗೆ ನಾನು ಶೆಡ್ಡಿನಲ್ಲಿರುತ್ತೇನೆ. ಅಲ್ಲಿ ಮಗ್ಗಗಳ ಸದ್ದಿನಲ್ಲಿ ಪಕ್ಕದವನ ಮಾತೂ ಕೇಳುವುದಿಲ್ಲ.

ಗಾಡಿಯನ್ನು ಮನೆಗೆ ತಂದು, ನೋಡಿಯೇ ಬಿಡೋಣವೆಂದು ಮರುದಿನ ಕೆಲಸಕ್ಕೆ ಹೋಗಲಿಲ್ಲ. ಮೈ ಸರಿಯಿಲ್ಲವೆಂದು ಒಳಕೋಣೆಯಲ್ಲಿ ಮಲಗಿದ್ದೆ. ವೈನಿ ದೇವರಿಗೆ ದೀಪ ಹಚ್ಚಿ, ವಿಭೂತಿ ಹಚ್ಚಿಕೊಂಡು, ಹೊರಗೆ ಹೋಗಿ ಗಾಡಿ ಚಾಲೂ ಮಾಡಿದಳು. ಬಂದು ಚಹಾಕ್ಕೆ ಇಟ್ಟಳು. ಒಂದು ಕಪ್ಪಿಗೆ ಸೋಸಿ, ಅಣ್ಣ ಕೂರುತ್ತಿದ್ದ ಮಣೆಯ ಬಾಜು ಇಟ್ಟು, ತಾನು ಗೋಡೆಗೆ ಒರಗಿ ಕೂತಳು. ಹೊರಗೆ ಗಾಡಿ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಆಗ ನನಗೆ ನೆನಪಾಯಿತು. ಟರ್ಬೊ ಗಾಡಿಯನ್ನು ಎಬ್ಬಿಸಿದ ಕೂಡಲೇ ದೌಡಾಯಿಸಬಾರದು ಎಂದು ಅಣ್ಣ ಅದನ್ನು ಚಾಲೂ ಇಟ್ಟು ಒಳಗೆ ಬಂದು ಚಹಾ ಕುಡಿಯುತ್ತಿದ್ದ. ಗಾಡಿ ಸದ್ದು ಮಾಡುತ್ತಿದೆ ಎಂದರೆ ಅವನಿನ್ನೂ ಮನೆಯಲ್ಲಿದ್ದಾನೆ ಎಂದು ಅರ್ಥ. ಅವನ ಚಹಾ ನಾಲ್ಕು ಗುಟುಕಿಗೆ ಮುಗಿಯುತ್ತಿತ್ತು. ಈ ಚಹಾ ಮುಗಿಯುವಂಥದ್ದಲ್ಲ. ಅದು ಆರಿ, ಕೆನೆ ಕಟ್ಟಿ, ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ವೈನಿ ಎದ್ದು ಹೋಗಿ ಗಾಡಿ ಬಂದ್ ಮಾಡಿದಳು.

ನೋಡಿದ್ದರಲ್ಲಿ ಗಾಡಿಗೆ ಬೇಕಾದಷ್ಟನ್ನು ಮಾತ್ರ ಮಿಸ್ತ್ರಿಗೆ ಹೇಳಿದೆ. ಅವನು ಕೈ ಒರೆಸಿಕೊಂಡು, “ನಡ್ರಿ, ಖಾನಾಪುರಕ್ಕ ಹೋಗೂಣು. ನೀವ ಓಡಸ್ರಿ,” ಎಂದ.

ಮಚ್ಛೆ ದಾಟುವ ತನಕ ಹಿಂದೆ ಹೊಗೆ ಎಳೆದುಕೊಂಡೇ ಹೋದೆವು. ಒಬ್ಬ ಬೈಕಿನವನು ಪಕ್ಕಕ್ಕೆ ಬಂದು ಮರಾಠಿಯಲ್ಲಿ ಬೈದು ಹೋದ. ಮಿಸ್ತ್ರಿ ಅವನಿಗೆ ಕೈಮುಗಿದು ನನಗೆ, “ಒತ್ರಿ, ಇನ್ನ ಒತ್ರಿ. ಸೈಲೆನ್ಸರಿನ್ಯಾಗಿಂದೆಲ್ಲಾ ಸುಟ್ಟು ಹೊರಗ ಬರಲಿ,” ಎಂದ. ದೇಸೂರಿನ ಆಚೆ ಕನ್ನಡಿಯಲ್ಲಿ ರಸ್ತೆ ಬೆಳ್ಳಗೆ ಕಾಣತೊಡಗಿತು. ಖಾನಾಪುರ ಮುಟ್ಟಿ, ಮಲಪ್ರಭೆಯ ಸೇತುವೆಯ ಈಚೆ ನಿಲ್ಲಿಸಿ ಎಷ್ಟು ಒತ್ತಿದರೂ ಹೊಗೆ ಬರಲಿಲ್ಲ.

“ರಿಂಗ್ ಅಂದಿದ್ದು ನನ್ನ ತಪ್ಪು,” ಎಂದ ಮಿಸ್ತ್ರಿ. “ಟರ್ಬೊ ಜೋರಾಗಿ ತಿರಗಿದ್ರ ಗಾಳಿ ಎಣ್ಣಿನ್ನ ಒಳಗ ತಡದು ಹಿಡೀತದ. ಗಾಡಿ ನಿಂತಲ್ಲೇ ಹೊತ್ತುಗಟ್ಲೆ ಗುರುಗುಟ್ಟಿದ್ರ ಆ ಜೋರು ಇರೂದಿಲ್ಲ, ಎಣ್ಣಿ ಜಿನುಗ್ತದ. ಮುಂದ ಒತ್ತಿದಾಗ ಅದ ಹೊಗಿ. ಗಾಡಿ ಓಡಸ್ರಿ, ಇಲ್ಲಾ ಬಂದ್ ಇಡ್ರಿ. ಚಾಲೂ ಮಾಡಿ ಕುಂದರಸಬ್ಯಾಡ್ರಿ. ಓಡಿಸಿ ಬಂದ ಮ್ಯಾಲೆ ಬಂದ್ ಮಾಡೂ ಮುಂಚೆ ಒಂದು ನಿಮಿಷ ಬಿಟ್ರ ಸಾಕು.”

ಗಾಡಿ ಉಳಿಯಿತು. ವಾಪಸು ಬರುವ ದಾರಿಯುದ್ದಕ್ಕೂ ಅದನ್ನು ವೈನಿಗೆ ಹೇಗೆ ಹೇಳಲಿ ಎಂದೇ ಯೋಚಿಸಿ ಸಾಕಾಯಿತು. ಕೊನೆಗೆ ಮಿಸ್ತ್ರಿಯ ಮಾತನ್ನೇ ಇದ್ದ ಹಾಗೆ ಹೇಳಿದೆ.

“ಹಂಗಾದ್ರ ಹೊಗಿ ನನ್ನಿಂದ,” ಎಂದಳು.

“ನಿಂತದ್ದರಿಂದ, ವೈನಿ.”

“ನಿಲ್ಲಿಸಿದಾಕಿ ನಾನ ಅಲ್ಲೇನು?” ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಮೊಳೆಗೆ ಹಾಕಿ, “ಅಂಗಡಿಯವರು ಸೀರಿ ಕೇಳಾಕತ್ತಾರ. ನೀ ಹೋಗ್ತೀಯೇನು?” ಎಂದು ಕೇಳಿದಳು.

ಈಗ ಶೆಡ್ಡಿಗೆ ರಜೆ ಇರುವ ದಿನ ನಾನು ಗಂಟು ತುಂಬಿಕೊಂಡು ಖಾನಾಪುರಕ್ಕೆ ಹೋಗುತ್ತೇನೆ. ಚಹಾ ಮೊದಲು ಕುಡಿದು, ಆಮೇಲೆ ಗಾಡಿ ಚಾಲೂ ಮಾಡುತ್ತೇನೆ. ಉಳಿದ ದಿನಗಳಲ್ಲಿ ಕೀಲಿ ಮೊಳೆಯಲ್ಲಿ ತೂಗುತ್ತದೆ, ವೈನಿ ಮುಟ್ಟುವುದಿಲ್ಲ. ಸಂಜೆ ಬಂದು ನಿಲ್ಲಿಸಿದಾಗ ನಾನು ಗಾಡಿ ಬಂದ್ ಮಾಡದೆ ಇಳಿದು, ಖಾಲಿ ಚೀಲಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ. ಅಷ್ಟು ಹೊತ್ತಿಗೆ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಗಾಡಿಯ ಹತ್ತಿರ ನಿಂತಿರುತ್ತಾಳೆ. ನಿಮಿಷವಾದ ಮೇಲೆ ಅವಳೇ ಕೀಲಿ ತಿರುವಿ ಬಂದ್ ಮಾಡುತ್ತಾಳೆ.